ಶಾಖ ನೋಡುವ ಕ್ಯಾಮರಾ ಮತ್ತು ನಮ್ಮ ಬಿ.ಎಂ.ಸಿ. ಕೋಣೆ

(ಪ್ರಾಥಮಿಕ ಸಂಘಗಳ ಪದಾಧಿಕಾರಿಗಳು ಮತ್ತು ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ವಿದ್ಯುತ್ ವಿಭಾಗದ ಇಂಜಿನಿಯರರು ಮಾಡಿದ ಭಾಷಣ)



ಹಸುವಿಗೆ ಕೆಚ್ಚಲುಬಾವು ಬಂದಿದೆಯೆ ಎಂದು ನೀವು ಹೇಗೆ ನೋಡುತ್ತೀರಿ? ಕೆಚ್ಚಲಿನ ನಾಲ್ಕೂ ಭಾಗದ ಮೇಲೆ ಕೈಯಿಟ್ಟು ನೋಡುತ್ತೀರಿ. ಒಂದು ಭಾಗ ಉಳಿದ ಮೂರಕ್ಕಿಂತ ಬಿಸಿಯಿದ್ದರೆ ಅಲ್ಲೇನೋ ಆಗಿದೆ ಎಂದು ನಿಮಗೆ ಗೊತ್ತಾಗುತ್ತದೆ. ಇದಕ್ಕೆ ಥರ್ಮಾಮೀಟರು ಬೇಕಿಲ್ಲ, ಪಕ್ಕದ ಭಾಗದ ಜೊತೆ ಹೋಲಿಸಿದರೆ ಸಾಕು. ನಾನು ಇಂದು ಹೇಳಬೇಕಾದ ವಿಷಯವೂ ಹೆಚ್ಚುಕಡಿಮೆ ಇದೇ. ಬಿ.ಎಂ.ಸಿ. ಕೋಣೆಯ ಗೋಡೆಯಲ್ಲಿರುವ ವಿದ್ಯುತ್ ಪ್ಯಾನಲ್ಲಿಗೆ ಮೂರು ಫೇಸು ಬರುತ್ತವೆ. ಅದರಲ್ಲಿ ಒಂದರ ಜೋಡಣೆ ಉಳಿದೆರಡಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ದೋಷವಿದೆ. ಆದರೆ ಇಲ್ಲಿ ಕೈಯಿಟ್ಟು ನೋಡಿದವನು ಬದುಕುವ ಭರವಸೆಯಿಲ್ಲ. ಅದಕ್ಕಾಗಿ ದೂರದಿಂದಲೇ ಶಾಖವನ್ನು ನೋಡುವ ಕ್ಯಾಮರಾ ಬೇಕು.

ಬಿಸಿಯಾದ ಯಾವ ವಸ್ತುವೇ ಆಗಲಿ, ಕಣ್ಣಿಗೆ ಕಾಣದ ಒಂದು ಬಗೆಯ ಕಿರಣವನ್ನು ಹೊರಸೂಸುತ್ತದೆ. ಅವಗೆಂಪು, ಅಂದರೆ ಇನ್‌ಫ್ರಾರೆಡ್ ಕಿರಣ. 1800ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಣ್ಣಬಣ್ಣಕ್ಕೂ ಥರ್ಮಾಮೀಟರು ಇಟ್ಟು ನೋಡಿದರು. ಕೆಂಪು ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಈ ಕ್ಯಾಮರಾ ಓದುವುದು ಅಂಥ ಕಿರಣವನ್ನೇ. ಅದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ, ಹೆದರಬೇಕಾಗಿಲ್ಲ. ಬಿಸಿಯಾದ ಜಾಗ ಪರದೆಯ ಮೇಲೆ ಹಳದಿ, ಬಿಳಿಯಾಗಿ ಕಾಣುತ್ತದೆ, ತಣ್ಣಗಿರುವುದು ನೀಲಿ.

ಜೋಡಣೆ ಏಕೆ ಬಿಸಿಯಾಗುತ್ತದೆ? ಕಂಪ್ರೆಸರು ದಿನವೂ ಅದುರುತ್ತದೆ, ಸ್ಕ್ರೂ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಟ್ಯಾಂಕು ತೊಳೆದ ನೀರಿನ ತೇವ ಕೋಣೆಯಲ್ಲಿ ಸದಾ ಇರುತ್ತದೆ. ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ತುದಿಗೆ ನೇರವಾಗಿ ಸೇರಿಸಿದ್ದರೆ ಅಲ್ಲಿ ಕಿಲುಬು ಕಟ್ಟುತ್ತದೆ. ಕರೆಂಟು ಹಾಯುವ ದಾರಿ ಕಿರಿದಾದಷ್ಟೂ ಶಾಖ ಹೆಚ್ಚು, ಮತ್ತು ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಶಾಖದಿಂದ ಕಿಲುಬು ಹೆಚ್ಚುತ್ತದೆ, ಕಿಲುಬಿನಿಂದ ಮತ್ತೆ ಶಾಖ. ಸಾಮಾನ್ಯ ಪಿ.ವಿ.ಸಿ. ತಂತಿಯನ್ನು ತಯಾರಿಸಿರುವುದೇ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖಕ್ಕೆ. ಅದನ್ನು ದಾಟಿದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಕಂಪ್ರೆಸರು ಓಡುತ್ತಲೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ.

ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೆಸರು ಬೇಡ. ಬೇರೆ ಕೆಲಸಕ್ಕೆಂದು ಹೋಗಿದ್ದೆ, ಸಂಜೆ ಹಾಲು ಹಾಕುವ ಹೊತ್ತು. ಕ್ಯಾಮರಾ ಹಿಡಿದು ನೋಡಿದರೆ ಕಾಂಟ್ಯಾಕ್ಟರಿನ ಕೆಳಗಿನ ಮೂರು ತುದಿಗಳಲ್ಲಿ ಎರಡು 45ರ ಆಸುಪಾಸು, ಮೂರನೆಯದು 91 ಡಿಗ್ರಿ. ಕಂಪ್ರೆಸರು ನಿಲ್ಲಿಸಿ ಎಂದೆ. ಕಾರ್ಯದರ್ಶಿಗಳು ಗಾಬರಿಯಾದರು. "ಸಾರ್, ಹಾಲು ಇನ್ನೂ ಬೆಚ್ಚಗಿದೆ, ಈಗ ನಿಲ್ಲಿಸಿದರೆ ಹೇಗೆ? ನಿನ್ನೆಯೂ ಓಡಿದೆ, ಇವತ್ತೂ ಓಡುತ್ತಿದೆ" ಎಂದರು. ಅವರ ಮಾತು ತಪ್ಪೆಂದು ನಾನು ಹೇಳಲಾರೆ. ಕರೆದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸಬೇಕೆಂದು ಅವರಿಗೆ ಹೇಳಿಕೊಟ್ಟವರೇ ನಾವು. ಆದರೆ ಅರ್ಧ ಗಂಟೆ ತಡವಾದರೆ ಆಗುವ ನಷ್ಟ ಸಣ್ಣದು. ರಾತ್ರಿ ಆ ತುದಿ ಸುಟ್ಟು ಕಳಚಿದರೆ ಇಡೀ ಟ್ಯಾಂಕಿನ ಹಾಲಿಗೇ ಗಂಡಾಂತರ. ಕೊನೆಗೆ ಒಪ್ಪಿದರು. ಮೇನ್ ತೆಗೆದು, ಬೀಗ ಹಾಕಿ, ಪರೀಕ್ಷಿಸಿದ ಮೇಲೆ ಸ್ಕ್ರೂ ಮುಟ್ಟಿದರೆ ಅದು ಸುಮಾರು ಒಂದು ಸುತ್ತು ತಿರುಗಿತು. ಲಗ್ಗು ಕಪ್ಪಾಗಿತ್ತು, ತಂತಿಯ ಹೊದಿಕೆ ಒಡೆದಿತ್ತು. ತುದಿ ಕತ್ತರಿಸಿ ಹೊಸ ಲಗ್ಗು ಹಾಕಿ ಮತ್ತೆ ಓಡಿಸಿದೆವು. ಮರುದಿನ ಬೆಳಗಿನ ಹಾಲಿನ ಹೊತ್ತಿಗೆ ನೋಡಿದಾಗ ಮೂರೂ ತುದಿಗಳ ನಡುವೆ 2 ಡಿಗ್ರಿಯ ಅಂತರವೂ ಇರಲಿಲ್ಲ.

ಇನ್ನೊಂದು ಕಡೆ ನಾನು ತಡವಾಗಿ ಹೋದೆ. ಒಂದು ಫೇಸು ರಾತ್ರಿಯೇ ಕಳಚಿತ್ತು. ಮೋಟಾರು ಉಳಿದೆರಡು ಫೇಸಿನ ಮೇಲೆ ಏದುಸಿರು ಬಿಡುತ್ತಾ ಓಡಿ ಸುಟ್ಟುಹೋಗಿತ್ತು. ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಂದು ಯಾರೋ ಅದನ್ನು ತಪ್ಪಿಸಿ ತಂತಿ ಕೊಟ್ಟಿದ್ದರು. ಟ್ಯಾಂಕರು ಬಂದಾಗ ಹಾಲು ಹುಳಿಯಾಗಿತ್ತು. ಅದು ಒಬ್ಬರ ಹಾಲಲ್ಲ, ಊರಿನ ಎಲ್ಲ ಮನೆಗಳ ಹಾಲು.

ಈಗ ನೋಡುವ ಕ್ರಮ. ಕಂಪ್ರೆಸರು ನಿಂತಿರುವಾಗ ತೆಗೆದ ಚಿತ್ರ ಪ್ರಯೋಜನಕ್ಕೆ ಬಾರದು. ಪೂರ್ಣ ಹೊರೆಯ ಶೇಕಡ 40ರಷ್ಟಾದರೂ ಕರೆಂಟು ಹರಿಯುತ್ತಿರಬೇಕು. ಮಧ್ಯಾಹ್ನ ಬಂದು ಖಾಲಿ ಟ್ಯಾಂಕಿನ ಮುಂದೆ ಫೋಟೋ ತೆಗೆದು ಹೋಗುವವರಿಗೆ ಬಿಲ್ಲು ಕೊಡಬೇಡಿ. ಪ್ಯಾನಲ್ಲಿನ ಬಾಗಿಲನ್ನೂ ಅಕ್ರಿಲಿಕ್ ಹಾಳೆಯನ್ನೂ ತೆಗೆದೇ ನೋಡಬೇಕು, ಈ ಕಿರಣ ಅವನ್ನು ಹಾದು ಬರುವುದಿಲ್ಲ. ತೆಗೆಯುವವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಆಗಿರಲಿ. ಫಳಫಳ ಹೊಳೆಯುವ ತಾಮ್ರದ ಪಟ್ಟಿ ಕ್ಯಾಮರಾಕ್ಕೆ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ತಣ್ಣಗೆ ತೋರಿಸುತ್ತದೆ. ಮೊದಲೇ ಕರೆಂಟು ತೆಗೆದಿರುವಾಗ ಅಲ್ಲಿ ಕಪ್ಪು ಟೇಪು ಅಂಟಿಸಿಡುವುದುಂಟು. ಒಂದೇ ಹೊರೆ ಹೊತ್ತ ಎರಡು ಜೋಡಣೆಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ತಡ ಮಾಡದೆ ಸರಿಪಡಿಸಬೇಕು. ಆದರೆ ಒಂದು ಫೇಸಿನ ಮೇಲೆ ಹೊರೆಯೇ ಹೆಚ್ಚಿರಲೂಬಹುದು, ಆದ್ದರಿಂದ ಜೊತೆಗೆ ಕ್ಲ್ಯಾಂಪ್ ಮೀಟರು ಹಾಕಿ ಮೂರರ ಕರೆಂಟನ್ನೂ ಬರೆದುಕೊಳ್ಳಬೇಕು.

ಪ್ರತಿ ಸಂಘವೂ ಕ್ಯಾಮರಾ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ, ಅದು ದುಂದು. ಒಂದು ಹಾಲಿನ ಮಾರ್ಗದ ಸಂಘಗಳೆಲ್ಲ ಸೇರಿ ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಪಿಸ್ತೂಲಿನಂಥ ಅಗ್ಗದ ಥರ್ಮಾಮೀಟರು ಇದಕ್ಕೆ ಬದಲಿಯಾಗದು. ದೂರ ಹೋದಂತೆ ಅದು ಅಗಲವಾದ ಜಾಗದ ಸರಾಸರಿ ಹೇಳುತ್ತದೆ, ಸಣ್ಣ ಸ್ಕ್ರೂವಿನ ಬಿಸಿ ಅದರಲ್ಲಿ ಮುಚ್ಚಿಹೋಗುತ್ತದೆ. ವಾರ್ಷಿಕ ಸಭೆಯಲ್ಲಿ ಸದಸ್ಯರು ಲೆಕ್ಕಪತ್ರ ಕೇಳುವಂತೆ ಈ ಚಿತ್ರಗಳನ್ನೂ ಕೇಳಿ. ದುರಸ್ತಿಗೆ ಮುಂಚಿನದು ಒಂದು, ದುರಸ್ತಿಯ ನಂತರದ್ದು ಒಂದು. ಎರಡನೆಯದು ಇಲ್ಲದಿದ್ದರೆ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ.

ಈ ಕ್ಯಾಮರಾಕ್ಕೆ ಕಾಣದ ಒಂದು ಅಪಾಯವಿದೆ, ಅದು ನಿಮ್ಮ ಕೊಟ್ಟಿಗೆಯದು. ಅರ್ಥಿಂಗ್ ಕೆಟ್ಟಿದ್ದರೆ ಅದು ಬಿಸಿಯಾಗಿ ತೋರಿಸಿಕೊಳ್ಳುವುದಿಲ್ಲ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ಒದ್ದೆ ನೆಲದ ಮೇಲೆ ಬರಿ ಗೊರಸಿನಲ್ಲಿ ನಿಂತಿರುತ್ತದೆ. ನಮಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆಯೂ ಅದಕ್ಕೆ ತಟ್ಟುತ್ತದೆ. ನೀರಿನ ತೊಟ್ಟಿಗೆ ಬಾಯಿ ಹಾಕಲು ಹಸು ಹಿಂಜರಿದರೆ, ಹಾಲು ಕರೆಯುವ ಯಂತ್ರ ಹಾಕಿದಾಗ ಮಾತ್ರ ಒದೆಯುತ್ತಿದ್ದರೆ, ಕಳ್ಳ ಹಸು ಎಂದು ಹೊಡೆಯುವ ಮುಂಚೆ ವೈರಿಂಗ್ ನೋಡಿಸಿ. 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ, ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಮೇವು ಕತ್ತರಿಸುವ ಯಂತ್ರದ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಕ್ಯಾಮರಾ ಬರುವವರೆಗೆ ಕಾಯಬೇಡಿ. ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಯಲ್ಲಿದೆ ಎಂದು ಇಲ್ಲಿ ಕೈ ಎತ್ತಿಸುವುದಿಲ್ಲ.

ಸಂಜೆ ಹಾಲು ಶುರುವಾಗುವ ಹೊತ್ತಾಯಿತು. ಕ್ಯಾಮರಾ ತಂದಿದ್ದೇನೆ. ಈ ಊರಿನ ಸಂಘದವರು ಒಪ್ಪಿದ್ದಾರೆ, ಅವರ ಬಿ.ಎಂ.ಸಿ. ಕೋಣೆಗೇ ಹೋಗೋಣ. ಐದೈದು ಜನ ಬನ್ನಿ, ಪ್ಯಾನಲ್ಲಿನಿಂದ ನಾಲ್ಕಡಿ ಹಿಂದೆ ನಿಲ್ಲಿ. ಪ್ರಶ್ನೆಗಳನ್ನು ಅಲ್ಲಿಯೇ ಕೇಳಿ.