ಕೇಳಿ ಹೊರಟವರು
(ಮೂರು ರಾಯರ ಹಬ್ಬದ ಪ್ರಬೋಧನೆ)



ನಮ್ಮ ಗೋದಲಿಯಲ್ಲಿ ಇಂದು ಮೂವರು ಅರಸರ ಬೊಂಬೆಗಳಿವೆ. ಆದರೆ ಸಂತ ಮತ್ತಾಯರು ಅವರನ್ನು ಅರಸರೆಂದು ಕರೆಯುವುದಿಲ್ಲ, ಮೂವರೆಂದೂ ಹೇಳುವುದಿಲ್ಲ. ಮೂಡಣದಿಂದ ಬಂದ ಜ್ಞಾನಿಗಳು ಎನ್ನುತ್ತಾರೆ, ಅಷ್ಟೆ. ಆಕಾಶದಲ್ಲಿ ನಕ್ಷತ್ರವೊಂದನ್ನು ಕಂಡು, ಹುಟ್ಟಿದ ಅರಸ ಎಲ್ಲಿದ್ದಾನೆಂದು ಕೇಳುತ್ತಾ ಗುರುತಿಲ್ಲದ ನಾಡಿಗೆ ಬಂದವರು ಅವರು.

ಅದೇ ಸುದ್ದಿ ಕೇಳಿ ಹೆರೋದನು ಕಳವಳಗೊಂಡನು. ಅವನೂ ವಿಚಾರಿಸಿದನು, ಆದರೆ ಗುಟ್ಟಾಗಿ, ಕೂಸನ್ನು ಕೊಲ್ಲಲೆಂದು. ಧರ್ಮಶಾಸ್ತ್ರಿಗಳಿಗೆ ಪ್ರವಾದಿ ಮೀಕನ ಮಾತು ಬಾಯಿಪಾಠ. ಬೆತ್ಲೆಹೇಮ್ ಎಂದು ಕೂಡಲೇ ಉತ್ತರ ಕೊಟ್ಟರು. ಜೆರುಸಲೇಮಿನಿಂದ ಅಲ್ಲಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಆದರೂ ಅವರಲ್ಲಿ ಒಬ್ಬರಾದರೂ ಹೋದರೆಂದು ಶುಭಸಂದೇಶದಲ್ಲಿಲ್ಲ.

ಗೊತ್ತಿಲ್ಲದ್ದು ಎದುರಾದಾಗ ಅಂಜುವುದು ಪಾಪವಲ್ಲ. ದೇವದೂತನ ಮಾತಿಗೆ ಮಾತೆ ಮರಿಯಮ್ಮನವರೂ ತಳಮಳಗೊಂಡರು. ಆದರೆ ಅಲ್ಲಿಗೇ ನಿಲ್ಲದೆ, ಇದು ಹೇಗಾದೀತೆಂದು ವಿಚಾರಿಸಿದರು. ಅಂಜಿಕೆ ನಮಗೆ ಎಚ್ಚರ ಕಲಿಸಿದರೆ ಒಳ್ಳೆಯದು. ಬಾಗಿಲು ಹಾಕಿಸಿದರೆ ಕೇಡು.

2019ರ ಡಿಸೆಂಬರ್ 26, ಕ್ರಿಸ್ತಜಯಂತಿಯ ಮರುದಿನ, ಬೆಳಗ್ಗೆ ಕಂಕಣ ಸೂರ್ಯಗ್ರಹಣವಾಯಿತು. ಕೆಲವರು ಒಲೆ ಹಚ್ಚದೆ ಬಾಗಿಲು ಮುಚ್ಚಿ ಕುಳಿತರು. ಮಂಗಳೂರಿನಲ್ಲಿ, ಕೊಡಗಿನಲ್ಲಿ ಎಷ್ಟೋ ಜನ ಗ್ರಹಣದ ಕನ್ನಡಕ ಹಾಕಿಕೊಂಡು ಸೂರ್ಯನ ಬಳೆಯನ್ನು ಕಣ್ತುಂಬ ನೋಡಿದರು. ಬರಿಗಣ್ಣಿಗೆ ಅಪಾಯವೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ನೋಡುವ ದಾರಿ ಹುಡುಕಿದರು.

ಅದಾದ ಕೆಲವೇ ವಾರಗಳಲ್ಲಿ ಕೊರೋನಾ ಬಂತು. 2020ರ ಮಾರ್ಚ್‌ನಲ್ಲಿ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ದೇಶದಲ್ಲಿ ದೃಢಪಟ್ಟ ಮೊದಲ ಕೋವಿಡ್ ಸಾವು ಅದು. ಮುಂದಿನದನ್ನು ನೀವೆಲ್ಲ ಬಲ್ಲಿರಿ. ರೋಗಿಗಳ ಆರೈಕೆ ಮಾಡಿ ಬಂದ ನರ್ಸುಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದವರಿದ್ದರು. ಹೆತ್ತವರ ಶವದ ಹತ್ತಿರ ಹೋಗಲು ಮಕ್ಕಳೇ ಅಂಜಿದರು. ಅದೇ ವೇಳೆ ಬೆಂಗಳೂರಿನಲ್ಲಿ ಸ್ವಯಂಸೇವಕರು, ಸೋಂಕು ತಗಲದಂತೆ ಮಣ್ಣು ಮಾಡುವುದು ಹೇಗೆಂದು ಕಲಿತು, ಪಿಪಿಇ ಕಿಟ್ ತೊಟ್ಟು, ಜಾತಿ ಮತ ನೋಡದೆ ಅಂತ್ಯಸಂಸ್ಕಾರ ನಡೆಸಿಕೊಟ್ಟರು. ಅವರಿಗೇನು ಭಯವಿರಲಿಲ್ಲವೇ? ಇತ್ತು. ಆದರೂ ಕೇಳಿ ತಿಳಿದುಕೊಂಡು ಹೆಜ್ಜೆ ಇಟ್ಟರು.

ಈಗ ನಮ್ಮ ಮನೆಗಳಿಗೆ ಬರೋಣ. ಎದೆಯಲ್ಲಿ ಗಂಟು ಕಂಡ ತಾಯಿಯೊಬ್ಬರು, ಡಾಕ್ಟರು ಏನೆನ್ನುವರೋ ಎಂದು ಹೆದರಿ ತಿಂಗಳುಗಟ್ಟಲೆ ಯಾರಿಗೂ ಹೇಳುವುದಿಲ್ಲ. ನಾವು ತಿಳಿಯದೆ ಇದ್ದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ. ಬೇಗ ತೋರಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಇನ್ನು, ದೇವಾಲಯದ ಹಿಂದಿನ ಬೆಂಚಿನಲ್ಲಿ ಹೊರರಾಜ್ಯದಿಂದ ಕೂಲಿಗೆ ಬಂದ ಕುಟುಂಬ ಕೂರುತ್ತದೆ. ಅವರ ಭಾಷೆ ನಮಗೆ ಬಾರದು. ಅವರ ಬಗ್ಗೆ ನಾವು ನಾವೇ ಮಾತಾಡಿಕೊಳ್ಳುತ್ತೇವೆ. ಅವರ ಹೆಸರನ್ನು ಎಷ್ಟು ಮಂದಿ ಕೇಳಿದ್ದೇವೆ? ಬೆತ್ಲೆಹೇಮಿನಲ್ಲಿ ಬಾಲಯೇಸುವಿಗೆ ಅಡ್ಡಬಿದ್ದ ಜ್ಞಾನಿಗಳೂ ಹೊರನಾಡಿನವರೇ.

ಆದುದರಿಂದ ಇಂದು ಪೂಜೆ ಮುಗಿದ ಮೇಲೆ ಆ ಕುಟುಂಬವನ್ನು ಮಾತಾಡಿಸಿರಿ, ಮನೆಗೆ ಕರೆಯಿರಿ. ನೋವನ್ನು ಮುಚ್ಚಿಟ್ಟುಕೊಂಡಿರುವ ತಾಯಂದಿರೇ, ಈ ವಾರವೇ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಹೋಗಿ. ಮನೆಯವರೇ, ಅವರನ್ನು ಒಂಟಿಯಾಗಿ ಕಳುಹಿಸಬೇಡಿ. ದಾರಿ ಕೇಳುತ್ತಾ ಬಂದವರನ್ನು ಬೆತ್ಲೆಹೇಮಿನವರೆಗೆ ನಡೆಸಿದ ದೇವರು ನಮ್ಮನ್ನೂ ನಡೆಸಲಿ. ಆಮೆನ್.