ಎತ್ತುವ ಮೊದಲು ತೂಕ, ಹೊರಡುವ ಮೊದಲು ಕಟ್ಟು: ತೆಂಗಿನ ಸೀಮೆಯ ಭಾರ ಸಾಗಣೆ (ಅಧ್ಯಕ್ಷ ಭಾಷಣ)

ಭಾರ ಎತ್ತುವ ಮತ್ತು ಸಾಗಿಸುವ ಉದ್ದಿಮೆಯಲ್ಲಿ ಎರಡು ಕೆಲಸಗಳು ಸೇರಿವೆ. ನೆಲದ ಮೇಲಿರುವ ವಸ್ತುವನ್ನು ಕ್ರೇನು, ಹೈಡ್ರಾ (ಲೋಡು ಹೊತ್ತೇ ಚಲಿಸುವ ಸಣ್ಣ ಕ್ರೇನು), ಜಾಕಿ, ಚೈನ್‌ಬ್ಲಾಕ್‌ಗಳಿಂದ ಎತ್ತಿ ಕೂರಿಸುವುದು ಒಂದು. ಅದನ್ನು ಲಾರಿ, ಟ್ರೈಲರ್, ಟ್ರ್ಯಾಕ್ಟರುಗಳಲ್ಲಿ ಸೇರಬೇಕಾದ ಕಡೆಗೆ ಮುಟ್ಟಿಸುವುದು ಇನ್ನೊಂದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಇವೆರಡೂ ತೆಂಗಿನ ವ್ಯಾಪಾರದ ಜೊತೆಗೇ ಬೆಳೆದವು. ಇಂದು ಇವುಗಳ ವ್ಯಾಪ್ತಿ ತೆಂಗನ್ನು ಮೀರಿದೆ. ಅಪಾಯಗಳೂ ಅದೇ ಪ್ರಮಾಣದಲ್ಲಿ ಹೆಚ್ಚಿವೆ.

ಸೀಮೆಯ ಸರಕು, ಸೀಮೆಯ ದಾರಿ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಮೇಲೆ ಹಾಯುವ ಬಿ.ಎಚ್. ರಸ್ತೆ ಈ ಸೀಮೆಯ ಮುಖ್ಯ ದಾರಿ. ಬೆಂಗಳೂರು–ಹೊನ್ನಾವರ ರಸ್ತೆಯಾಗಿ ಹೆಸರಾದ ಇದು ಮೊದಲು ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು. ಈ ಭಾಗ ಈಗ ತುಮಕೂರಿನಿಂದ ತಿಪಟೂರು, ಅರಸೀಕೆರೆ, ಚಿಕ್ಕಮಗಳೂರು ಮಾರ್ಗವಾಗಿ ಮಂಗಳೂರಿಗೆ ಹೋಗುವ ಹೆದ್ದಾರಿ 73. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇದಕ್ಕೆ ಹೆದ್ದಾರಿ 150ಎ ಅಡ್ಡ ಬರುತ್ತದೆ. ಆ ರಸ್ತೆ ಹಿರಿಯೂರು, ಹುಳಿಯಾರು, ಚಿಕ್ಕನಾಯಕನಹಳ್ಳಿಯ ಸರಕನ್ನು ತುರುವೇಕೆರೆ, ನಾಗಮಂಗಲ, ಮೈಸೂರಿನ ಕಡೆಗೆ ಒಯ್ಯುತ್ತದೆ. ಹೆದ್ದಾರಿ 73 ಹಾಯುವ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಮಂಗಳೂರು ಬಂದರಿನ ದೊಡ್ಡ ಲೋಡುಗಳು ಶಿರಾಡಿ ಘಾಟಿಯನ್ನೇ ನೆಚ್ಚಿಕೊಂಡಿವೆ.

ಈ ದಾರಿಗಳಲ್ಲಿ ಓಡುವ ಸರಕು ಬಗೆಬಗೆಯದು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರಿ ತಿಪಟೂರಿನ ಎಪಿಎಂಸಿ ಮೂಲಕ ಉತ್ತರ ಭಾರತದ ಮಾರುಕಟ್ಟೆಗಳಿಗೆ ಹೋಗುತ್ತದೆ. ತೆಂಗಿನ ಮಟ್ಟೆ ನಾರಿನ ಕಾರ್ಖಾನೆಗೂ, ಚಿಪ್ಪು ಇದ್ದಿಲಿನ ಭಟ್ಟಿಗೂ ಸಾಗುತ್ತವೆ. ಕಲ್ಲು ಕ್ವಾರಿಯ ಜಲ್ಲಿ, ಚಿಕ್ಕನಾಯಕನಹಳ್ಳಿ ಗಣಿಗಳ ಕಬ್ಬಿಣದ ಅದಿರು, ಕೊಳವೆಬಾವಿ ಕೊರೆಯುವ ಲಾರಿ, ಜೆಸಿಬಿ ಹೊತ್ತ ಟ್ರೈಲರ್, ವಿದ್ಯುತ್ ಪರಿವರ್ತಕ ಎಲ್ಲವೂ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ.

ಬದಲಾಗುತ್ತಿರುವ ಕಸುಬು

ಮೊದಲ ಬದಲಾವಣೆ ಆಳಿನಿಂದ ಯಂತ್ರಕ್ಕೆ. ಮರದ ತೊಲೆ, ಹಗ್ಗ, ಹತ್ತಾರು ಆಳುಗಳಿಂದ ಆಗುತ್ತಿದ್ದ ಕೆಲಸವನ್ನು ಈಗ ಒಂದು ಹೈಡ್ರಾ ಗಂಟೆಯೊಳಗೆ ಮುಗಿಸುತ್ತದೆ. ಕೊಳವೆಬಾವಿಯಿಂದ ಮೋಟಾರು ಎತ್ತುವುದಕ್ಕೂ ಪ್ರತ್ಯೇಕ ಗಾಡಿಗಳಿವೆ. ಯಂತ್ರ ಹಳ್ಳಿಹಳ್ಳಿಗೆ ತಲುಪಿದಷ್ಟು ಬೇಗ ಅದನ್ನು ನಡೆಸುವ ತರಬೇತಿ ತಲುಪಲಿಲ್ಲ.

ಎರಡನೆಯದು ಲಾರಿಗಳ ಗಾತ್ರ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮೇಲಿನ ತೂಕದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಗಾಡಿ ಮತ್ತು ಸರಕು ಸೇರಿದ ಗರಿಷ್ಠ ತೂಕ 49ರಿಂದ 55 ಟನ್ನಿಗೆ ಏರಿತು. ಕಾನೂನು ಒಪ್ಪುವ ಭಾರ ಹೆಚ್ಚಿದ ಮೇಲಾದರೂ ಮಿತಿ ಮೀರಿ ತುಂಬುವುದು ನಿಲ್ಲಬೇಕಿತ್ತು; ಅದು ಪೂರ್ತಿ ನಿಂತಿಲ್ಲ.

ಮೂರನೆಯದು ಯೋಜನೆಗಳ ಸರಕು. ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಅದರ ಸುಮಾರು 252 ಕಿ.ಮೀ. ಉದ್ದದ ಗುರುತ್ವ ಕಾಲುವೆಯ ಹಾದಿಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ ತಾಲ್ಲೂಕುಗಳೂ ಸೇರಿವೆ. ಇಂಥ ಕಾಮಗಾರಿ ನಡೆಯುವಲ್ಲಿಗೆ ಭಾರಿ ಯಂತ್ರ, ಉಕ್ಕು, ಕಾಂಕ್ರೀಟ್ ಭಾಗಗಳು ಹಳ್ಳಿಯ ಕಿರುದಾರಿಗಳಲ್ಲೇ ಬರಬೇಕು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳಿಗೆ ಗಾಳಿಯಂತ್ರದ ಗೋಪುರ, ರೆಕ್ಕೆಗಳು ಸಾಗುತ್ತವೆ. ಇಂದಿನ ದೊಡ್ಡ ಯಂತ್ರಗಳ ಒಂದೊಂದು ರೆಕ್ಕೆ 60 ಮೀಟರಿಗೂ ಉದ್ದ. ಇವನ್ನು ತಿರುವಿನಲ್ಲಿ ಹಾಯಿಸಲು ಹಿಂಬದಿಯ ಚಕ್ರಗಳೂ ತಿರುಗುವ ಹೈಡ್ರಾಲಿಕ್ ಆಕ್ಸಲ್ ಟ್ರೈಲರುಗಳು ಬೇಕು.

ಗಣಿ ಸಾಗಣೆ ಬೇರೊಂದು ಪಾಠ ಕಲಿಸಿದೆ. ಅಕ್ರಮಗಳು ಬಯಲಾದ ಮೇಲೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಗಣಿಗಳನ್ನು ವರ್ಗೀಕರಿಸಲಾಯಿತು; 2013ರ ಏಪ್ರಿಲ್ 18ರ ತೀರ್ಪು ಆ ವರ್ಗೀಕರಣವನ್ನು ಒಪ್ಪಿ, ಷರತ್ತಿನ ಮೇಲೆ ಗಣಿಗಳನ್ನು ಮತ್ತೆ ತೆರೆಯಲು ಬಿಟ್ಟಿತು. ಪರ್ಮಿಟ್ಟಿನಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು ತೂಕ ಇರುವ ವ್ಯವಹಾರ ಕೊನೆಗೆ ಇಡೀ ಕಸುಬನ್ನೇ ನಿಲ್ಲಿಸುತ್ತದೆ ಎಂಬುದನ್ನು ಆ ವರ್ಷಗಳಲ್ಲಿ ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರು ಬಲ್ಲರು.

ಎತ್ತುವಾಗಿನ ಸುರಕ್ಷತೆ

ಕ್ರೇನಿನ ಮೇಲೆ ಬರೆದ ಟನ್ನೇ ಅದರ ಶಕ್ತಿ ಎಂದು ತಿಳಿಯುವುದು ಬಹಳ ಅಪಘಾತಗಳ ಬೇರು. 14 ಟನ್ ಹೈಡ್ರಾ ಎಂದರೆ ಬೂಮ್ (ಎತ್ತುವ ತೋಳು) ಒಳಗಿದ್ದು, ಲೋಡು ಗಾಡಿಗೆ ತೀರ ಹತ್ತಿರವಿದ್ದು, ನೆಲ ಸಮತಟ್ಟಾಗಿ ಗಟ್ಟಿಯಾಗಿದ್ದಾಗ 14 ಟನ್ ಎತ್ತಬಲ್ಲದು ಎಂದರ್ಥ. ಬೂಮ್ ಹೊರಚಾಚಿದಷ್ಟೂ ಆ ಶಕ್ತಿ ವೇಗವಾಗಿ ಕುಗ್ಗುತ್ತದೆ. ನಡುವೆ ಮಡಚಿ ತಿರುಗುವ ಮಾದರಿಯ ಹೈಡ್ರಾದಲ್ಲಿ ಲೋಡು ಹೊತ್ತು ತಿರುಗಿದರೆ ಭಾರ ಪಕ್ಕಕ್ಕೆ ಸರಿದು ಗಾಡಿ ಮಗುಚಬಹುದು. ತೆಂಗಿನ ತೋಟದ ಹಸಿ ಮಣ್ಣು, ಹೊಸದಾಗಿ ಮುಚ್ಚಿದ ಪೈಪಿನ ಗುಂಡಿ, ಕಾಲುವೆಯ ಏರಿ ಈ ಸೀಮೆಯಲ್ಲಿ ಕ್ರೇನನ್ನು ಕೆಡಹುವ ಜಾಗಗಳು. ಔಟ್‌ರಿಗರ್ (ಪಕ್ಕಕ್ಕೆ ಚಾಚುವ ಆಧಾರಕಾಲು) ಇರುವ ಕ್ರೇನಿಗೆ ಅದನ್ನು ಪೂರ್ತಿ ಚಾಚಿ, ಅಡಿಯಲ್ಲಿ ಅಗಲವಾದ ಮರದ ಹಲಗೆ ಕೊಡಬೇಕು.

ಲೋಡನ್ನು ಕೊಕ್ಕೆಗೆ ತೂಗುಹಾಕುವ ಸ್ಲಿಂಗಿನ ಕೋನ ಇನ್ನೊಂದು ಮರೆತ ಲೆಕ್ಕ. 10 ಟನ್ ಭಾರವನ್ನು ಎರಡು ಕಾಲಿನ ಸ್ಲಿಂಗಿನಿಂದ ಎತ್ತುವಾಗ, ಸ್ಲಿಂಗು ನೆಲಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದೊಂದು ಕಾಲಿನ ಮೇಲೆ ಸುಮಾರು 5.8 ಟನ್ ಬೀಳುತ್ತದೆ. 45 ಡಿಗ್ರಿಗೆ ಇಳಿದರೆ 7.1 ಟನ್. 30 ಡಿಗ್ರಿಗೆ ಇಳಿದರೆ ಪ್ರತಿ ಕಾಲೂ 10 ಟನ್ ಹೊರಬೇಕಾಗುತ್ತದೆ. ಎತ್ತರ ಸಾಲದೆಂದು ಸ್ಲಿಂಗನ್ನು ಗಿಡ್ಡ ಮಾಡಿ ಎತ್ತುವವರು ತಮಗರಿವಿಲ್ಲದೆ ಅದರ ಮೇಲಿನ ಭಾರವನ್ನು ಹೀಗೆ ಏರಿಸುತ್ತಾರೆ. ಎಳೆ ಕಿತ್ತ ವೈರ್ ರೋಪು, ಹರಿದ ಬೆಲ್ಟು, ಬಾಯಿ ಬಿಟ್ಟ ಕೊಕ್ಕೆ, ಪಿನ್ನಿನ ಬದಲು ಬೋಲ್ಟು ಹಾಕಿದ ಶ್ಯಾಕಲ್ ಇವನ್ನು ಅಂದೇ ಬಿಸಾಡಬೇಕು. ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ಪರೀಕ್ಷಕರು ಕೂಲಂಕಷವಾಗಿ ನೋಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ವಿಧಿಸಿತು. ಕಾರ್ಖಾನೆಯ ಹೊರಗೆ ರಸ್ತೆಬದಿಯಲ್ಲಿ ದುಡಿಯುವ ಹೈಡ್ರಾಕ್ಕೂ ಅದೇ ಶಿಸ್ತು ಬೇಕು.

ತೂಗಾಡುವ ಲೋಡನ್ನು ಕೈಯಲ್ಲಿ ಹಿಡಿದು ಹೈಡ್ರಾದ ಮುಂದೆ ನಡೆಯುವುದು ದಿನನಿತ್ಯ ಕಾಣುವ ದೃಶ್ಯ. ಆಪರೇಟರಿಗೆ ಬೂಮ್ ಮತ್ತು ಲೋಡಿನ ಮರೆಯಲ್ಲಿರುವ ಆಳು ಕಾಣುವುದಿಲ್ಲ. ಆಳು ಎಡವಿದರೆ ಮುಂಚಕ್ರದ ಕೆಳಗೇ ಬೀಳುತ್ತಾನೆ. ಲೋಡಿಗೆ ಉದ್ದದ ಹಗ್ಗ ಕಟ್ಟಿ ದೂರದಿಂದ ಹಿಡಿಯುವುದು, ಸಿಗ್ನಲ್ ಕೊಡಲು ಒಬ್ಬನನ್ನೇ ನೇಮಿಸುವುದು ಖರ್ಚಿಲ್ಲದ ಪರಿಹಾರಗಳು.

ಸಾಗಿಸುವಾಗಿನ ಸುರಕ್ಷತೆ

ತೂಕದ ವಿಷಯದಲ್ಲಿ ರಸ್ತೆ ಸುಳ್ಳನ್ನು ಸಹಿಸುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯ ಪ್ರಕಾರ, ಆಕ್ಸಲ್ ಭಾರ ಏರಿದಂತೆ ರಸ್ತೆಗೆ ಆಗುವ ಹಾನಿ ಸುಮಾರು ಅದರ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ ಶೇ 20ರಷ್ಟು ಹೆಚ್ಚು ತುಂಬಿದರೆ ಹಾನಿ ಎರಡು ಪಟ್ಟು. ಬ್ರೇಕು, ಟೈರು, ಪಟ್ಟಿ ಸವೆಯುವುದೂ ಮಾಲೀಕನ ಜೇಬಿನಿಂದಲೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮಿತಿಮೀರಿದ ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೆಚ್ಚಿನ ಸರಕನ್ನು ಇಳಿಸದೆ ಗಾಡಿ ಮುಂದಕ್ಕೆ ಹೋಗುವಂತಿಲ್ಲ. ಪಕ್ಕಕ್ಕೆ, ಮೇಲಕ್ಕೆ ಚಾಚಿದ ಲೋಡಿಗೂ 20,000 ರೂಪಾಯಿ ದಂಡವಿದೆ.

ಮಟ್ಟೆ ಮತ್ತು ನಾರಿನ ಲಾರಿಗಳಲ್ಲಿ ತೊಂದರೆ ಬೇರೆ. ಸರಕು ಹಗುರ, ಗಾತ್ರ ದೊಡ್ಡದು. ಹಾಗಾಗಿ ಪಕ್ಕಕ್ಕೂ ಮೇಲಕ್ಕೂ ಉಬ್ಬಿಸಿ ತುಂಬುತ್ತಾರೆ. ರಸ್ತೆಗೆ ಅಡ್ಡ ಹಾಯುವ ಮನೆಬಳಕೆಯ ವಿದ್ಯುತ್ ಮಾರ್ಗಕ್ಕೆ ಬಹುಕಾಲದಿಂದ ಇರುವ ಕನಿಷ್ಠ ಎತ್ತರ 5.8 ಮೀಟರ್, 11 ಕೆ.ವಿ. ಮಾರ್ಗಕ್ಕೆ 6.1 ಮೀಟರ್. ಲೋಡು 4 ಮೀಟರ್ ದಾಟಿದಷ್ಟೂ ನಡುವಿನ ಅಂತರ ಕರಗುತ್ತದೆ. ತೋಟದ ಪಂಪ್‌ಸೆಟ್ಟಿಗೆ ಹೋಗುವ ತಂತಿ ಜೋತು ಬಿದ್ದಿದ್ದರೆ ಅಂತರವೇ ಉಳಿಯುವುದಿಲ್ಲ. ಒಣ ನಾರಿಗೆ ಒಂದು ಕಿಡಿ ಸಾಕು. ಲೋಡಿನ ಮೇಲೆ ನಿಂತ ಕ್ಲೀನರ್ ಕೋಲಿನಿಂದ ತಂತಿ ಎತ್ತುವ ರೂಢಿ ಜೀವ ತೆಗೆಯುವಂಥದು. ಅದು ಇಂದೇ ನಿಲ್ಲಬೇಕು. ವಿದ್ಯುತ್ ಕಂಪನಿ ಬೆಸ್ಕಾಂಗೆ ತಿಳಿಸಿ ವಿದ್ಯುತ್ ಕಡಿತ ಮಾಡಿಸುವುದೊಂದೇ ಸರಿಯಾದ ದಾರಿ. ಬೂಮ್ ತಂತಿಗೆ ತಗುಲಿದರೆ ಆಪರೇಟರ್ ಗಾಡಿಯೊಳಗೇ ಕೂತು, ಉಳಿದವರನ್ನು ದೂರ ಕಳಿಸಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಕಾಲು ಜೋಡಿಸಿ ಹಾರಿ, ಕಾಲು ಜೋಡಿಸಿಕೊಂಡೇ ಪುಟ್ಟ ಜಿಗಿತಗಳಲ್ಲಿ ದೂರ ಸರಿಯಬೇಕು. ತಿಪಟೂರಿನ ರೈಲು ಮಾರ್ಗದ ಮೇಲೂ ಈಗ 25,000 ವೋಲ್ಟಿನ ತಂತಿ ಇದೆ. ಲೆವೆಲ್ ಕ್ರಾಸಿಂಗಿನ ಎತ್ತರದ ಕಮಾನನ್ನು ಗೌರವಿಸಬೇಕು.

ಲೋಡು ತನ್ನ ತೂಕದಿಂದಲೇ ಕೂತಿರುತ್ತದೆಂಬ ನಂಬಿಕೆ ತಪ್ಪು. ಯುರೋಪಿನ ಮಾನದಂಡದ ಪ್ರಕಾರ ಕಟ್ಟು ಮುಂದಕ್ಕೆ ಸರಕಿನ ತೂಕದ ಶೇ 80ರಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ 50ರಷ್ಟು ಬಲವನ್ನು ತಡೆಯಬೇಕು. ತಿರುವಿನಲ್ಲಿ ವೇಗ ಗಂಟೆಗೆ 40ರಿಂದ 60 ಕಿ.ಮೀ.ಗೆ ಏರಿದರೆ ಹೊರಕ್ಕೆ ಎಳೆಯುವ ಬಲ ಎರಡೂಕಾಲು ಪಟ್ಟಾಗುತ್ತದೆ. 2025ರ ಏಪ್ರಿಲ್‌ನ ಒಂದು ರಾತ್ರಿ ಬೆಂಗಳೂರಿನ ಕೋಗಿಲು ಕ್ರಾಸಿನಲ್ಲಿ ಟ್ರೈಲರಿನಲ್ಲಿದ್ದ ಮೆಟ್ರೊ ಮಾರ್ಗದ ಭಾರಿ ತೊಲೆ ಆಟೊ ಮೇಲೆ ಉರುಳಿ ಚಾಲಕರು ಅಸುನೀಗಿದರು. 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿ ಡಿವೈಡರ್ ದಾಟಿ ಬಂದ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಆರು ಮಂದಿ ಸತ್ತರು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದ ಬಳಿ ಪಲ್ಟಿಯಾಗಿ, ಅದರಲ್ಲಿದ್ದ ಹತ್ತು ವ್ಯಾಪಾರಿಗಳು ತೀರಿಕೊಂಡರು. ಲೋಡಿನ ಮೇಲೆ ಜನ ಕೂತಿದ್ದರೆ ಸಣ್ಣ ಪಲ್ಟಿಯೂ ಸಾವಿನ ಸಾಲಾಗುತ್ತದೆ.

ಇವುಗಳ ಜೊತೆ ಇನ್ನೊಂದು ಸಾಗಣೆಯನ್ನು ಇಟ್ಟು ನೋಡಬೇಕು. ಬೆಂಗಳೂರಿನ ಈಜಿಪುರದ ಕೋದಂಡರಾಮ ವಿಗ್ರಹಕ್ಕಾಗಿ 2018–19ರಲ್ಲಿ ತಮಿಳುನಾಡಿನ ವಂದವಾಸಿ ಕಡೆಯಿಂದ 64 ಅಡಿಯ, 300 ಟನ್ನಿಗೂ ಮಿಗಿಲಾದ ಏಕಶಿಲೆ 240 ಚಕ್ರದ ಟ್ರೈಲರಿನಲ್ಲಿ ಬಂತು. ಟೈರು ಸಿಡಿದವು, ಸೇತುವೆ ತಾಳದೆ ಬದಲಿ ದಾರಿ ಮಾಡಬೇಕಾಯಿತು, ಪ್ರಯಾಣಕ್ಕೆ ತಿಂಗಳುಗಳೇ ಹಿಡಿದವು. ಆದರೂ ಕಲ್ಲು ಊರು ಮುಟ್ಟಿತು. ದೊಡ್ಡ ಲೋಡಿಗೆ ಪರ್ಮಿಟ್ಟು, ಸೇತುವೆ ಪರೀಕ್ಷೆ, ಬೆಂಗಾವಲು, ನಿಧಾನ ಎಲ್ಲವೂ ಸಿಗುತ್ತವೆ. ಇವಾವುವೂ ಸಿಗದಿರುವುದು ದಿನದ ಲೋಡಿಗೆ: ಮಟ್ಟೆಯ ಲಾರಿ, ಜಲ್ಲಿಯ ಟಿಪ್ಪರ್, ಹಿಂದೀಪವಿಲ್ಲದ ಟ್ರ್ಯಾಕ್ಟರ್, ಸರಪಳಿ ಕಟ್ಟದೆ ಜೆಸಿಬಿ ಹೊತ್ತ ಟ್ರೈಲರ್. ಈ ಸೀಮೆಯ ಸುರಕ್ಷತೆ ಇವುಗಳಿಂದಲೇ ಆರಂಭವಾಗಬೇಕು.

ದುಡಿಯುವವರು

ಹಮಾಲಿಯ ಬೆನ್ನು, ಚಾಲಕನ ನಿದ್ದೆ, ಕ್ಲೀನರಿನ ಕಲಿಕೆ ಈ ಮೂರರ ಮೇಲೆ ಉದ್ದಿಮೆ ನಿಂತಿದೆ. ಒಬ್ಬ ಗಂಡಾಳು ಹೊರುವ ಮೂಟೆ 55 ಕಿಲೊ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತು. ಚಾಲಕನ ದುಡಿಮೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿಕೊಟ್ಟಿತು. ದೆಹಲಿ ದಾರಿಯ ಕೊಬ್ಬರಿ ಲಾರಿಗೆ ಎರಡನೇ ಚಾಲಕನನ್ನು ಕೊಡದೆ ಈ ಮಿತಿ ಕಾಯಲಾಗದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿರುವುದು ಒಳ್ಳೆಯ ಹೆಜ್ಜೆ. ಹಳೆಯ ಲಾರಿಗಳ ಚಾಲಕರಿಗೆ ನೆರಳು, ನೀರು, ಮಲಗುವ ಜಾಗ ಇನ್ನೂ ಬೇಕಾಗಿವೆ.

ಆಗಬೇಕಾದ ಕೆಲಸ

ಮೊದಲನೆಯದಾಗಿ, ತೂಕವಾಗದೆ ಯಾವ ಲೋಡೂ ಕ್ವಾರಿ, ಗಣಿ, ಮಂಡಿಯ ಗೇಟು ದಾಟಬಾರದು. ವೇಬ್ರಿಡ್ಜ್ ಚೀಟಿ ಬಾಡಿಗೆಯ ಬಿಲ್ಲಿನೊಂದಿಗೆ ಇರಬೇಕು. ಎರಡನೆಯದಾಗಿ, ಪ್ರತಿ ಹೈಡ್ರಾ, ಕ್ರೇನಿನ ಕ್ಯಾಬಿನ್ನಿನಲ್ಲಿ ಅದರ ಲೋಡ್ ಚಾರ್ಟ್ ಕನ್ನಡದಲ್ಲಿರಬೇಕು, ವಾರ್ಷಿಕ ಪರೀಕ್ಷೆಯ ದಿನಾಂಕ ಹೊರಗೆ ಬರೆದಿರಬೇಕು. ಮೂರನೆಯದಾಗಿ, ಮಟ್ಟೆ ಮತ್ತು ನಾರಿನ ಲಾರಿಗಳ ಎತ್ತರವನ್ನು ಕಾರ್ಖಾನೆಯ ಬಾಗಿಲಲ್ಲೇ ಅಳೆಯುವ ಕಮಾನು ಬೇಕು, ಜೋತುಬಿದ್ದ ತಂತಿಗಳ ಪಟ್ಟಿಯನ್ನು ಲಾರಿ ಮಾಲೀಕರ ಸಂಘಗಳು ಬೆಸ್ಕಾಂಗೆ ಕೊಡಬೇಕು. ನಾಲ್ಕನೆಯದಾಗಿ, ಟ್ರ್ಯಾಕ್ಟರ್ ಟ್ರೈಲರುಗಳಿಗೆ ಹಿಂದೀಪ, ಪ್ರತಿಫಲಿಸುವ ಪಟ್ಟಿ ಇರಲೇಬೇಕು. ಐದನೆಯದಾಗಿ, ಲೋಡಿನ ಮೇಲೆ ಹಮಾಲಿಗಳನ್ನು ಕೂರಿಸದೆ, ಅವರ ಪ್ರಯಾಣದ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಬೇಕು. ಕೊನೆಯದಾಗಿ, ಲೋಡು ಅಸುರಕ್ಷಿತವೆಂದು ಕಂಡಾಗ ಬೇಡವೆನ್ನುವ ಹಕ್ಕು ಆಪರೇಟರಿಗೂ ಚಾಲಕನಿಗೂ ಇರಬೇಕು, ಹಾಗೆ ಹೇಳಿದ್ದಕ್ಕೆ ಅಂದಿನ ಕೂಲಿ ಕಡಿತವಾಗಬಾರದು. ಈ ಆರರಲ್ಲಿ ಯಾವುದಕ್ಕೂ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಮಾಲೀಕರು, ಮಂಡಿಯವರು, ಕಾರ್ಖಾನೆಯವರು ಒಪ್ಪಿ ನಡೆದರೆ ಸಾಕು.