ಬೈಬಲ್ಲಿನ ಜನರೂ ಚಿತ್ರಗಾರರೂ

ಬೈಬಲ್ಲಿನ ಕಥೆಗಳನ್ನು ಓದದವರೂ ಆ ಕಥೆಗಳ ಚಿತ್ರಗಳನ್ನು ಎಲ್ಲಿಯಾದರೂ ಕಂಡೇ ಇರುತ್ತಾರೆ. ಭುಜದ ಮೇಲೆ ಇಳಿದ ಕೂದಲು, ನೆಲ ಮುಟ್ಟುವ ಬಿಳಿಯ ನಿಲುವಂಗಿ, ಹೆಗಲಿನ ಮೇಲೊಂದು ನೀಲಿಯ ಉತ್ತರೀಯ, ಇಷ್ಟು ಕಂಡರೆ ಸಾಕು, ಇದು ಯೇಸುವೆಂದು ನಮಗೆ ಹೊಳೆಯುತ್ತದೆ. ಈ ವೇಷ ನಿಜವಾದುದೇ, ಅಲ್ಲದಿದ್ದರೆ ಅದರಿಂದ ಕೆಡುವುದೇನು ಎಂಬುದನ್ನು ಈ ಸಂಜೆ ಸ್ವಲ್ಪ ವಿಚಾರ ಮಾಡೋಣ.

ವೇಷಕ್ಕಿಂತ ಮೊದಲು ಊಟದ ಮಾತು. ಲಿಯೊನಾರ್ಡೊ ಡ ವಿಂಚಿ 15ನೆಯ ಶತಮಾನದ ಕೊನೆಯಲ್ಲಿ ಮಿಲಾನ್ ನಗರದ ಮಠವೊಂದರ ಭೋಜನಶಾಲೆಯ ಗೋಡೆಯ ಮೇಲೆ ಬರೆದ ಕಡೆಯ ಭೋಜನದ ಚಿತ್ರ ಲೋಕಪ್ರಸಿದ್ಧವಾದುದು. ಅಲ್ಲಿ ಯೇಸುವೂ ಹನ್ನೆರಡು ಮಂದಿ ಶಿಷ್ಯರೂ ಉದ್ದನೆಯ ಮೇಜಿನ ಹಿಂದೆ ಕುಳಿತಿದ್ದಾರೆ. ಚಿತ್ರ ಭವ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಲೂಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ಓದಿದರೆ ತೊಡಕು ಬರುತ್ತದೆ. ಫರಿಸಾಯನೊಬ್ಬನ ಮನೆಯಲ್ಲಿ ಯೇಸು ಊಟ ಮಾಡುತ್ತಿರುವಾಗ ಹೆಂಗಸೊಬ್ಬಳು ಬಂದು, ಆತನ ಹಿಂದೆ ನಿಂತು, ಕಣ್ಣೀರಿನಿಂದ ಆತನ ಪಾದಗಳನ್ನು ತೋಯಿಸುತ್ತಾಳೆ. ಮೇಜಿನ ಮುಂದೆ ಕುಳಿತವನ ಪಾದಗಳು ಮೇಜಿನ ಕೆಳಗಿರುತ್ತವೆ. ಹಿಂದೆ ನಿಂತವಳಿಗೆ ಅವು ಎಟುಕುವುದೆಂತು? ಆ ಕಾಲದ ಔತಣಗಳಲ್ಲಿ ಅತಿಥಿಗಳು ಗ್ರೀಕರ, ರೋಮನರ ಪದ್ಧತಿಯಂತೆ ಎಡ ಮೊಳಕೈಯನ್ನು ದಿಂಬಿಗೆ ಊರಿ, ಕಾಲುಗಳನ್ನು ಹಿಂದಕ್ಕೆ ಚಾಚಿ, ಓರೆಯಾಗಿ ಒರಗಿಕೊಂಡು ಉಣ್ಣುತ್ತಿದ್ದರು. ಗ್ರೀಕ್ ಮೂಲದ ಕ್ರಿಯಾಪದವೂ ಒರಗುವುದನ್ನೇ ಹೇಳುತ್ತದೆ. ಪ್ರಿಯಶಿಷ್ಯನು ಗುರುವಿನ ಎದೆಗೆ ಒರಗಿದನೆಂದು ಯೋಹಾನನು ಬರೆದಿರುವುದೂ ಆಗಲೇ ತಿಳಿಯಾಗುವುದು. ಚಿತ್ರ ತಪ್ಪಿದರೆ ಗ್ರಂಥದ ಅರ್ಥವೇ ಮಸುಕಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಕೊರತೆಯನ್ನು ನೀಗಲು ಹೊರಟವರಲ್ಲಿ ಫ್ರಾನ್ಸಿನ ಜೇಮ್ಸ್ ಟಿಸ್ಸೊ ಮುಖ್ಯನು. ಪ್ಯಾರಿಸ್, ಲಂಡನ್ನುಗಳ ಸೊಗಸುಗಾತಿಯರನ್ನು ಬರೆದು ಹೆಸರಾಗಿದ್ದ ಈತನು 1886ರಲ್ಲಿ ಪಾಲೆಸ್ತೀನಕ್ಕೆ ಪ್ರಯಾಣ ಮಾಡಿ, 1889ರಲ್ಲಿ ಮತ್ತೆ ಹೋಗಿ, ಕ್ರಿಸ್ತನ ಜೀವನವನ್ನು ಕುರಿತು 350 ಜಲವರ್ಣಚಿತ್ರಗಳನ್ನು ರಚಿಸಿದನು. ಅವು 1900ರಲ್ಲಿ ಅಮೆರಿಕದ ಬ್ರೂಕ್ಲಿನ್ ವಸ್ತುಸಂಗ್ರಹಾಲಯಕ್ಕೆ ಸೇರಿದುವು. ಬೆಟ್ಟಗುಡ್ಡ, ಬಿಸಿಲು, ಕಲ್ಲಿನ ಮೆಟ್ಟಿಲು ಇವುಗಳಲ್ಲಿ ಟಿಸ್ಸೊನ ಕಣ್ಣು ತೀಕ್ಷ್ಣವಾದುದು. ಉಡುಪಿನಲ್ಲಿ ಮಾತ್ರ ಅವನು ಎಡವಿದನೆಂದು ನಾವು ಹೇಳಬೇಕಾಗಿದೆ. ಪೂರ್ವದೇಶಗಳಲ್ಲಿ ಯಾವುದೂ ಬದಲಾಗುವುದಿಲ್ಲವೆಂಬ ನಂಬಿಕೆ ಆಗಿನ ಯೂರೋಪಿನಲ್ಲಿ ಬಲವಾಗಿತ್ತು. ಅದನ್ನು ನಂಬಿ ತಾನು ಕಂಡ 19ನೆಯ ಶತಮಾನದ ಜನರ ಉಡುಪನ್ನು ಒಂದನೆಯ ಶತಮಾನದವರಿಗೆ ತೊಡಿಸಿದನು. ಹಾಗೆಂದು ನಾವು ನಗುವಂತಿಲ್ಲ. ನಮ್ಮ ರವಿವರ್ಮನೂ ಪೌರಾಣಿಕ ವೇಷಭೂಷಣಗಳನ್ನು ಅರಸಿ ಉತ್ತರದೇಶವನ್ನೆಲ್ಲ ಸುತ್ತಿ ಬಂದು, ಕಡೆಗೆ ದಮಯಂತಿಗೆ ತನ್ನ ಕಾಲದ ಸೀರೆಯನ್ನೇ ಉಡಿಸಿದನು.

ಹಾಗಾದರೆ ಪ್ರಮಾಣವೆಲ್ಲಿ? ಆಯಾ ಕಾಲಕ್ಕೆ ಆಯಾ ಕಾಲದ ಸಾಕ್ಷಿಯೇ ಬೇಕು. ಯೆಹೂದದ ಅರಸನಾದ ಹಿಜ್ಕೀಯನ ಪ್ರಜೆಗಳನ್ನು ಬರೆಯುವವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಬೇಕು. ಅಸ್ಸೀರಿಯದ ಸನ್ಹೇರೀಬನು ಕ್ರಿ. ಪೂ. 701ರಲ್ಲಿ ಲಾಕೀಷ್ ಪಟ್ಟಣವನ್ನು ಹಿಡಿದುದನ್ನು ನಿನೆವೆಯ ತನ್ನ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ್ದ ಶಿಲೆಗಳು ಅಲ್ಲಿವೆ. ಎತ್ತಿನ ಗಾಡಿಯಲ್ಲಿ ಮಕ್ಕಳು. ಬರಿಗಾಲಿನಲ್ಲಿ ಸೆರೆಹೋಗುತ್ತಿರುವ ಹೆಂಗಸರು. ಅವರ ತಲೆಯಿಂದ ಕಾಲಿನವರೆಗೂ ಇಳಿದ ಮುಸುಕು. ಗೆದ್ದವರು ತಮ್ಮ ಹೆಮ್ಮೆಗಾಗಿ ಕೆತ್ತಿಸಿದ ಶಿಲೆಯಲ್ಲಿ ಸೋತವರ ನಿಜವಾದ ಉಡುಪು ಉಳಿದುಬಂದಿದೆ! ಆದರೆ ಇದು ಯೇಸುವಿಗಿಂತ ಏಳುನೂರು ವರ್ಷ ಹಿಂದಿನದು. ಆತನ ಶಿಷ್ಯರಿಗೆ ಸಲ್ಲದು.

ಶಿಷ್ಯರಿಗೆ ಸಲ್ಲುವುದು ಬಟ್ಟೆಯೇ ಆಗಿ ದೊರೆತಿದೆ. 1960 ಮತ್ತು 1961ರಲ್ಲಿ ಯಿಗಾಯೆಲ್ ಯಾದೀನ್ ಎಂಬ ವಿದ್ವಾಂಸನು ಮೃತಸಮುದ್ರದ ಪಶ್ಚಿಮದ ಕಣಿವೆಯ ಗುಹೆಯೊಂದನ್ನು ಶೋಧಿಸಿದನು. ಕ್ರಿ. ಶ. 132ರಿಂದ 135ರವರೆಗೆ ರೋಮನರ ವಿರುದ್ಧ ನಡೆದ ದಂಗೆಯಲ್ಲಿ ಅಲ್ಲಿ ಅಡಗಿದ್ದ ಯೆಹೂದ್ಯರ ಉಣ್ಣೆಯ ವಸ್ತ್ರಗಳು ಒಣಹವೆಯಿಂದಾಗಿ ಬಣ್ಣಸಹಿತ ಉಳಿದಿದ್ದುವು. ಎರಡು ತುಂಡುಗಳನ್ನು ಹೆಗಲಿನಲ್ಲಿ ಸೇರಿಸಿ ಹೊಲಿದ ಅಂಗಿ. ಅದರ ಮೇಲೆ ಕೆಳಗಿಳಿಯುವ ಎರಡು ಬಣ್ಣದ ಪಟ್ಟೆಗಳು. ಹೊದೆಯಲು ಆಯಾಕಾರದ ಉತ್ತರೀಯ. ಉಣ್ಣೆಯನ್ನೂ ನಾರನ್ನೂ ಬೆರೆಸಿ ನೇಯಬಾರದೆಂಬ ಮೋಶೆಯ ವಿಧಿಯನ್ನು ಅಲ್ಲಿಯೂ ಮೀರಿಲ್ಲ. ಯೇಸುವಿಗೂ ಇದಕ್ಕೂ ನಡುವೆ ಸುಮಾರು ನೂರೇ ವರ್ಷದ ಅಂತರ.

ಈಗ ಆ ನೆಲ ಮುಟ್ಟುವ ನಿಲುವಂಗಿಗೆ ಬರೋಣ. ನೀಳವಾದ ನಿಲುವಂಗಿ ತೊಟ್ಟು ತಿರುಗಾಡಬಯಸುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಯೇಸುವೇ ಜನರಿಗೆ ಹೇಳಿದುದಾಗಿ ಮಾರ್ಕನು ಬರೆದಿದ್ದಾನೆ. ಆತನು ಹಳಿದ ವೇಷವನ್ನೇ ಚಿತ್ರಗಾರರು ಆತನಿಗೆ ತೊಡಿಸಿದ್ದಾರೆ. ಕೂದಲಿನ ವಿಷಯವೂ ಅಷ್ಟೆ. ಗಂಡಸಿಗೆ ನೀಳಗೂದಲು ಅವಮಾನವೆಂದು ಪೌಲನು ಕೊರಿಂಥದವರಿಗೆ ಬರೆದನು.

ಇನ್ನು ಉತ್ತರೀಯದ ಮೂಲೆಗಳ ಗೊಂಡೆಗಳು. ಮೋಶೆಯ ವಿಧಿಯಂತೆ ಯೆಹೂದ್ಯ ಗಂಡಸರು ನೀಲಿಯ ದಾರ ಸೇರಿದ ಗೊಂಡೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ರೋಗಪೀಡಿತಳಾದ ಹೆಂಗಸು ಹಿಂದಿನಿಂದ ಬಂದು ಮುಟ್ಟಿದುದು ಯೇಸುವಿನ ಉಡುಪಿನ ಅಂಥ ಗೊಂಡೆಯನ್ನೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಯೂರೋಪಿನ ಚಿತ್ರಗಳಲ್ಲಿ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ಗೊಂಡೆ ಹೋದೊಡನೆ ಯೇಸು ಯೆಹೂದ್ಯನೆಂಬ ಗುರುತೂ ಹೋಯಿತು. ಯೆಹೂದ್ಯರು ಉಡುಪಿನಿಂದಲೇ ಬೇರೆಯಾಗಿ ಕಾಣಬೇಕೆಂದು 1215ರ ಲ್ಯಾಟರನ್ ಧರ್ಮಸಭೆ ವಿಧಿಸಿತು. ಹಳದಿಯ ಬಿಲ್ಲೆ ಹಲವು ದೇಶಗಳಲ್ಲಿ ಅವರ ಪಾಲಿಗೆ ಬಂದಿತು. ಪಾದುವಾ ನಗರದಲ್ಲಿ ಜ್ಯೊತ್ತೊ ಸುಮಾರು 1305ರಲ್ಲಿ ಬರೆದ ಚಿತ್ರದಲ್ಲಿ ಗುರುದ್ರೋಹಿಯಾದ ಯೂದನ ಮೈಮೇಲಿರುವುದೂ ಹಳದಿಯ ಹೊದಿಕೆಯೇ. ಗುರು ಯೂರೋಪಿನವನಾದನು, ದ್ರೋಹಿಯೊಬ್ಬನೇ ಯೆಹೂದ್ಯನಾಗಿ ಉಳಿದನು. ಇದನ್ನು ಕೇವಲ ಬಣ್ಣದ ತಪ್ಪೆನ್ನಲಾದೀತೆ?

ಗ್ರಂಥವನ್ನೇ ನೋಡಿದರೆ, ತೋಟದಲ್ಲಿ ಯೇಸುವನ್ನು ಹಿಡಿಯಲು ಬಂದವರಿಗೆ ಇಂಥವನೇ ಎಂದು ತೋರಿಸಲು ಯೂದನು ಮುದ್ದಿಡಬೇಕಾಯಿತು. ಆ ರಾತ್ರಿಯನ್ನು ಸರಿಯಾಗಿ ಬರೆಯುವ ಚಿತ್ರಗಾರನ ಪಟದಲ್ಲಿ ಗುರು, ಶಿಷ್ಯರು, ದ್ರೋಹಿ ಎಲ್ಲರಿಗೂ ಅದೇ ಪಟ್ಟೆಯ ಅಂಗಿ, ಅದೇ ಗೊಂಡೆಯ ಉತ್ತರೀಯ ಇರುತ್ತದೆ; ಯಾರು ಯಾರೆಂದು ಒಮ್ಮೆಗೇ ಗುರುತಿಸುವುದು ನಮಗೂ ಸುಲಭವಾಗಲಾರದು.